ಹೊಗೆ ಅಲಾರಂನ ಬಾಯಿ ಮುಚ್ಚಿಸಬೇಡಿ: ಮನೆ ಕಟ್ಟುವವರಿಗೆ, ಬಾಡಿಗೆಗೆ ಕೊಡುವವರಿಗೆ, ಅಲ್ಲಿ ಮಲಗುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮನೆಯೊಳಗಿನ ಹೊಗೆ ಅಲಾರಂ ಬೆಂಕಿಯ ಹೊತ್ತಿನಲ್ಲಿ ಸುಮ್ಮನಿದ್ದರೆ ನಾವೆಲ್ಲ ಯಂತ್ರವನ್ನು ದೂರುತ್ತೇವೆ. ಆದರೆ ಬಹಳ ಕಡೆ ಅದನ್ನು ಸುಮ್ಮನಾಗಿಸಿದ್ದು ಮನೆಯವರ ಕೈಯೇ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಅಲ್ಲಿನ ಮನೆ ಬೆಂಕಿಗಳ ಲೆಕ್ಕವನ್ನು ವರ್ಷಗಳಿಂದ ಇಡುತ್ತಾ ಬಂದಿದೆ. ಅಲಾರಂ ಇದ್ದೂ ಕೂಗದೆ ಹೋದ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಬ್ಯಾಟರಿ ತೆಗೆದಿತ್ತು ಅಥವಾ ವಿದ್ಯುತ್ ಸಂಪರ್ಕ ತಪ್ಪಿಸಿತ್ತು. ಹಾಗೆ ತೆಗೆದುಹಾಕಲು ಜನ ಕೊಡುವ ಮುಖ್ಯ ಕಾರಣ, ಬೆಂಕಿಯೇ ಇಲ್ಲದಾಗ ಅದು ಪದೇ ಪದೇ ಕೂಗುತ್ತಿತ್ತು ಎಂಬುದು.

ಅಲಾರಂ ಅಳವಡಿಸುವ, ನಿರ್ವಹಿಸುವ ಕೆಲಸ ಬಲ್ಲವರಾಗಿ ನಾವು ಕೇಳುವುದು ಇಷ್ಟು: ಸುಳ್ಳು ಕೂಗನ್ನು ರಿಪೇರಿ ಮಾಡಬೇಕಾದ ದೋಷ ಎಂದು ನೋಡಿ. ನಲ್ಲಿ ಸೋರಿದರೆ ವಾಷರ್ ಬದಲಿಸುತ್ತೇವೆಯೇ ಹೊರತು ಮನೆಯ ನೀರಿನ ಸಂಪರ್ಕವನ್ನೇ ಕಡಿದುಹಾಕುವುದಿಲ್ಲ. ಸುಳ್ಳು ಕೂಗಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಮಾಡಬಹುದು. ಆ ಕಾರಣಗಳನ್ನು ನಿಮ್ಮ ಮುಂದಿಡಲೆಂದೇ ಈ ಪತ್ರ.

ಮೊದಲು, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ. ಮನೆ ಬೆಂಕಿಯಲ್ಲಿ ಸಾಯುವವರಲ್ಲಿ ಬಹುಪಾಲು ಜನರ ಜೀವ ತೆಗೆಯುವುದು ಹೊಗೆ. ಜ್ವಾಲೆ ಅವರನ್ನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೋಫಾ, ಹಾಸಿಗೆಗಳ ಪಾಲಿಯುರೆಥೇನ್ ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ನಿದ್ದೆಯಲ್ಲಿರುವವರಿಗೆ ವಾಸನೆ ತಟ್ಟಿ ಎಚ್ಚರವಾಗುತ್ತದೆ ಎಂದು ನಂಬಬೇಡಿ. ನಿದ್ದೆಯಲ್ಲಿ ಮೂಗು ಕಾವಲು ಕಾಯುವುದಿಲ್ಲ, ಕಿವಿ ಕಾಯುತ್ತದೆ. ಅದಕ್ಕೇ ಈ ಪುಟ್ಟ ಡಬ್ಬಿ ಹೊಗೆಯನ್ನು ಸದ್ದಾಗಿ ಬದಲಿಸುತ್ತದೆ.

ಸಮಯವೂ ಈಗ ಕಡಿಮೆ. ವಸ್ತುಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆಯವರು ಹಳೆಯ ಬಗೆಯ ಮರ, ಹತ್ತಿಯ ಪೀಠೋಪಕರಣಗಳಿದ್ದ ಕೋಣೆಗಳಿಗೂ ಈಗಿನ ಫೋಮ್, ಪಾಲಿಯೆಸ್ಟರ್ ತುಂಬಿದ ಕೋಣೆಗಳಿಗೂ ಬೆಂಕಿ ಹಚ್ಚಿ ಹೋಲಿಸಿ ನೋಡಿದ್ದಾರೆ. ಈಗಿನ ಕೋಣೆಗಳು 5 ನಿಮಿಷದೊಳಗೆ ಒಂದೇ ಬಾರಿಗೆ ಪೂರ್ತಿ ಹೊತ್ತಿಕೊಂಡವು. ಹಳೆಯ ಬಗೆಯವು ಆ ಹಂತಕ್ಕೆ ಬರಲು ಅರ್ಧ ಗಂಟೆಯಷ್ಟು ಹಿಡಿಯಿತು. ಆ ಹಂತ ಬಂದಾಗ ಸೀಲಿಂಗ್ ಕೆಳಗಿನ ಬಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ, ಕೋಣೆಯಲ್ಲಿ ಯಾರೂ ಬದುಕಿರಲಾರರು. ಅಂದರೆ ಎಚ್ಚರವಾಗಿ, ಮಕ್ಕಳನ್ನು ಎತ್ತಿಕೊಂಡು, ಬಾಗಿಲು ತೆಗೆದು ಹೊರಗೆ ನಿಲ್ಲಲು ಸಿಗುವುದು ಮೂರೋ ನಾಲ್ಕೋ ನಿಮಿಷ. ಅಲಾರಂ ಮೊದಲ ನಿಮಿಷದಲ್ಲೇ ಕೂಗಿದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ.

ಇನ್ನು ಡಬ್ಬಿಯೊಳಗೆ ಏನಿದೆ ಎಂದು ನೋಡೋಣ. ಮನೆಗಳಲ್ಲಿ ಇರುವುದು ಮುಖ್ಯವಾಗಿ ಎರಡು ಬಗೆ. ಆಪ್ಟಿಕಲ್ ಬಗೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಸುತ್ತುದಾರಿಯಂಥ ಕತ್ತಲೆ ಗೂಡೊಂದಿರುತ್ತದೆ. ಅದರಲ್ಲಿ ಒಂದು ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದ ಕೋನದಲ್ಲಿ ಬೆಳಕು ಗುರುತಿಸುವ ಒಂದು ಸೆನ್ಸರ್. ಹೊಗೆಯ ಕಣ ಒಳಗೆ ಬಂದಾಗ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಅಯಾನೀಕರಣ ಬಗೆಯಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವಿನ ಅತಿ ಸಣ್ಣ ಚೂರು ಎರಡು ತಗಡುಗಳ ನಡುವಿನ ಗಾಳಿಯಲ್ಲಿ ತೆಳುವಾದ ವಿದ್ಯುತ್ ಹರಿಯುವಂತೆ ಮಾಡಿರುತ್ತದೆ. ಹೊಗೆ ನುಗ್ಗಿದಾಗ ಆ ಹರಿವು ತಗ್ಗುತ್ತದೆ, ಅದೇ ಸುಳಿವು. ಡಬ್ಬಿಯನ್ನು ಒಡೆಯದೆ, ಸುಡದೆ ಇದ್ದರೆ ಅದರ ವಿಕಿರಣದಿಂದ ಮನೆಯವರಿಗೆ ತೊಂದರೆಯಿಲ್ಲ.

ಯಾವುದು ಮೇಲು? ಧಗಧಗನೆ ಉರಿಯುವ ಬೆಂಕಿಯ ಸೂಕ್ಷ್ಮ ಕಣಗಳಿಗೆ ಅಯಾನೀಕರಣ ಬಗೆ ತುಸು ಬೇಗ ಎಚ್ಚರಾಗುತ್ತದೆ. ಹಾಸಿಗೆಯೊಳಗೆ, ವೈರಿನ ಹೊದಿಕೆಯಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಗಂಟೆಗಟ್ಟಲೆ ಹೊಗೆಯಾಡುವ ಬೆಂಕಿಗೆ ಆಪ್ಟಿಕಲ್ ಬಹಳ ಮುಂಚೆ ಕೂಗುತ್ತದೆ. ರಾತ್ರಿ ಮಲಗಿದವರ ಮಟ್ಟಿಗೆ ಹೀಗೆ ಹೊಗೆಯಾಡುವ ಬೆಂಕಿಯೇ ಹೆಚ್ಚು ಭಯದ್ದು. ಸಾಲದ್ದಕ್ಕೆ ಅಯಾನೀಕರಣ ಬಗೆ ಅಡುಗೆಯ ಕಣ್ಣಿಗೆ ಕಾಣದ ಆವಿಗೂ ಕೂಗಿಬಿಡುತ್ತದೆ, ಹಾಗಾಗಿ ಜನ ಅದರ ಬ್ಯಾಟರಿಯನ್ನೇ ಹೆಚ್ಚು ಕೀಳುತ್ತಾರೆ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ ಆಪ್ಟಿಕಲ್. ಡಬ್ಬಿಯ ಮೇಲೆ ಯುರೋಪಿನ ಇಎನ್ 14604 ಅಥವಾ ಅಮೆರಿಕದ ಯುಎಲ್ 217 ಎಂಬ ಗುರುತನ್ನು ನೋಡಿ ತೆಗೆದುಕೊಳ್ಳಿ. ಯಾವ ಮಾನದಂಡದ ಗುರುತೂ ಇಲ್ಲದ ಅಗ್ಗದ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಹಾಕಬೇಡಿ, ಅದು ಇದೆಯೆಂಬ ಧೈರ್ಯವೇ ಅಪಾಯ.

ಎಲ್ಲಿ ಹಾಕಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ. ಪ್ರತಿ ಮಲಗುವ ಕೋಣೆಯ ಒಳಗೆ, ಆ ಕೋಣೆಗಳ ಹೊರಗಿನ ಹಜಾರದಲ್ಲಿ, ಮನೆಯ ಪ್ರತಿ ಮಹಡಿಯಲ್ಲಿ, ನೆಲಮಾಳಿಗೆ ಇದ್ದರೆ ಅಲ್ಲೂ ಒಂದೊಂದು. ಒಂದನ್ನೇ ಕೊಳ್ಳಲು ಸಾಧ್ಯವೆನ್ನುವವರು ಮಲಗುವ ಕೋಣೆಗಳಿಗೂ ಮನೆಯ ಉಳಿದ ಭಾಗಕ್ಕೂ ನಡುವಿನ ಜಾಗದಲ್ಲಿ ಹಾಕಲಿ, ಉಳಿದವನ್ನು ಆಮೇಲೆ ಸೇರಿಸಲಿ. ಬಿಸಿ ಹೊಗೆ ಮೇಲೇರಿ ಸೀಲಿಂಗ್‌ಗೆ ಬಡಿದು ಅದರ ಕೆಳಗೆ ಸುತ್ತಲೂ ಹರಡುತ್ತದೆ, ಆದ್ದರಿಂದ ಸೀಲಿಂಗ್‌ನ ನಡುಭಾಗ ಒಳ್ಳೆಯದು. ಗೋಡೆಯಿಂದ, ದೀಪಗಳಿಂದ 30 ಸೆಂಟಿಮೀಟರ್ ದೂರ ಬಿಡಿ. ಗೋಡೆಗೇ ಹಾಕುವ ಅನಿವಾರ್ಯವಿದ್ದರೆ, ತಯಾರಕರು ಅದಕ್ಕೆ ಒಪ್ಪಿದ್ದರೆ ಮಾತ್ರ, ಡಬ್ಬಿಯ ಮೇಲಂಚು ಸೀಲಿಂಗ್‌ನಿಂದ 30 ಸೆಂಟಿಮೀಟರ್ ಒಳಗೇ ಇರಲಿ. ಇಳಿಜಾರು ಚಾವಣಿಯಲ್ಲಿ ತುದಿಯಿಂದ 90 ಸೆಂಟಿಮೀಟರ್ ಒಳಗೆ ಹಾಕಬೇಕು, ಆದರೆ ತೀರಾ ತುದಿಯ 10 ಸೆಂಟಿಮೀಟರ್ ಬಿಡಬೇಕು. ಆ ಮೂಲೆಯಲ್ಲಿ ಗಾಳಿ ಕದಲದೆ ನಿಂತಿರುತ್ತದೆ, ಹೊಗೆ ಅಲ್ಲಿಗೆ ತಡವಾಗಿ ಬರುತ್ತದೆ.

ಸೀಲಿಂಗ್ ಫ್ಯಾನ್ ಇರುವ ಕೋಣೆಯಲ್ಲಿ ರೆಕ್ಕೆಯ ತುದಿಯಿಂದ ಕನಿಷ್ಠ 90 ಸೆಂಟಿಮೀಟರ್ ಆಚೆ ಇರಲಿ. ಫ್ಯಾನಿನ ಗಾಳಿ ಹೊಗೆಯನ್ನು ಚದುರಿಸಿ ತೆಳುವಾಗಿಸುತ್ತದೆ, ಅಲಾರಂ ಬಳಿ ಸಾಕಷ್ಟು ಹೊಗೆ ಕೂಡುವುದಿಲ್ಲ. ಏಸಿ ಗಾಳಿ ಹೊರಬರುವ ಜಾಗಕ್ಕೂ ಇದೇ ಅಳತೆ. ಅಡುಗೆ ಒಲೆಯಿಂದ 3 ಮೀಟರ್, ಬಚ್ಚಲುಮನೆಯ ಬಾಗಿಲಿನಿಂದ 90 ಸೆಂಟಿಮೀಟರ್ ಕನಿಷ್ಠ. ಬಿಸಿನೀರು ಸ್ನಾನದ ಹಬೆ ಹೆಚ್ಚಿರುವ ಮನೆಯಲ್ಲಿ ಇನ್ನಷ್ಟು ದೂರ ಬಿಟ್ಟರೆ ಒಳ್ಳೆಯದು.

ಅಡುಗೆಮನೆಯ ಒಳಗೇ ಹೊಗೆ ಅಲಾರಂ ಹಾಕಿ ಆಮೇಲೆ ಅದನ್ನು ಬೈಯುವುದನ್ನು ದಯವಿಟ್ಟು ನಿಲ್ಲಿಸಿ. ಅಲ್ಲಿಗೆ ಬೇಕಾದದ್ದು ಶಾಖ ಅಲಾರಂ. ಅದು ಹೊಗೆಯನ್ನು ನೋಡುವುದೇ ಇಲ್ಲ, ಸುತ್ತಲಿನ ಗಾಳಿ ಸುಮಾರು 58 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೂಗುತ್ತದೆ. ಹುರಿದರೂ ಕರಿದರೂ ತಂಟೆ ಮಾಡುವುದಿಲ್ಲ. ಆದರೆ ಮಲಗುವ ಕೋಣೆಗೆ, ಹಜಾರಕ್ಕೆ ಅದನ್ನು ಹಾಕಬಾರದು. ಗಾಳಿ ಅಷ್ಟು ಬಿಸಿಯಾಗುವ ಹೊತ್ತಿಗೆ ಮಲಗಿದವರು ಹೊಗೆ ಕುಡಿದಾಗಿರುತ್ತದೆ.

ಈಗ ಸುಳ್ಳು ಕೂಗಿನ ವಿಚಾರ. ಯಾವಾಗ ಕೂಗುತ್ತದೆ ಎಂಬುದನ್ನು ಮೊದಲು ಗಮನಿಸಿ, ಕಾರಣದ ಅರ್ಧ ಅಲ್ಲೇ ಇರುತ್ತದೆ. ಅಡುಗೆಯ ಹೊತ್ತಿನಲ್ಲಿ ಮಾತ್ರ ಎಂದಾದರೆ ಜಾಗ ಅಥವಾ ಬಗೆ ತಪ್ಪು: ಒಲೆಯಿಂದ ದೂರ ಸರಿಸಿ, ಅಯಾನೀಕರಣ ಬಗೆಯಾಗಿದ್ದರೆ ಆಪ್ಟಿಕಲ್ ತನ್ನಿ. ಸ್ನಾನದ ನಂತರ ಎಂದಾದರೆ ಹಬೆ. ಆಪ್ಟಿಕಲ್ ಗೂಡಿಗೆ ನೀರಿನ ಹನಿಯೂ ಹೊಗೆಯ ಕಣವೂ ಒಂದೇ, ಎರಡೂ ಬೆಳಕು ಚದುರಿಸುತ್ತವೆ. ಹೊತ್ತುಗೊತ್ತಿಲ್ಲದೆ, ಅದರಲ್ಲೂ ರಾತ್ರಿ ಕೆಲವು ಸೆಕೆಂಡು ಕೂಗಿ ತಾನೇ ನಿಂತರೆ ಧೂಳನ್ನೋ ಹುಳವನ್ನೋ ಶಂಕಿಸಿ. ಸಣ್ಣ ಜೇಡವೊಂದು ಜಾಲರಿ ದಾಟಿ ಒಳಗೆ ಹೋಗಿ ಬಲೆ ಕಟ್ಟಿದರೆ ಸಾಕು. ಹುಳಕ್ಕೆಂದು ಅಲಾರಂ ಮೇಲೆ ಕೀಟನಾಶಕ ಸ್ಪ್ರೇ ಮಾತ್ರ ಹೊಡೆಯಬೇಡಿ. ಆ ಕ್ಷಣಕ್ಕೆ ಕೂಗುತ್ತದೆ, ಆಮೇಲೆ ಅಂಟು ಕೂತು ಸೆನ್ಸರ್ ಹಾಳಾಗುತ್ತದೆ.

ಅನೇಕರ ಕಣ್ಣು ತಪ್ಪುವ ಇನ್ನೊಂದು ಕಾರಣ ಸೀಲಿಂಗ್‌ನಲ್ಲಿ ವೈರಿಗೆಂದು ಕೊರೆದ ತೂತು. ಬೇಸ್ ಪ್ಲೇಟಿನ ಹಿಂದಿನ ಆ ತೂತಿನಿಂದ ಮೇಲಿನ ತಣ್ಣನೆಯ ಗಾಳಿ, ಧೂಳು ನೇರ ಅಲಾರಂ ಒಳಗೆ ಇಳಿಯುತ್ತವೆ. ತೇವ ಹನಿಗಟ್ಟಿ ಸುಳ್ಳು ಕೂಗು ಬರಬಹುದು. ಅದಕ್ಕಿಂತ ಕೆಟ್ಟದ್ದು, ಹೊರಗೆ ಬರುವ ಆ ಗಾಳಿ ನಿಜವಾದ ಹೊಗೆಯನ್ನು ಒಳಗೆ ಬಿಡದೆ ತಳ್ಳಬಹುದು. ವೈರಿನ ಸುತ್ತ ಸಿಲಿಕೋನ್ ಸೀಲಂಟ್ ತುಂಬಿ ಮುಚ್ಚಿ. ಐದು ನಿಮಿಷದ ಕೆಲಸ.

ಕೂಗು ನಿಲ್ಲಿಸಲು ಈಗಿನ ಹೆಚ್ಚಿನ ಅಲಾರಂಗಳಲ್ಲಿ ಸೈಲೆನ್ಸ್ ಬಟನ್ ಇದೆ. ಒತ್ತಿದರೆ ಸುಮಾರು 10 ನಿಮಿಷ ಅದರ ಸೂಕ್ಷ್ಮತೆ ತಗ್ಗುತ್ತದೆ, ನಂತರ ತಾನಾಗಿ ಮೊದಲಿನಂತಾಗುತ್ತದೆ. ಕಿಟಕಿ ತೆರೆದು ಈ ಬಟನ್ ಒತ್ತುವುದನ್ನು ಮನೆಯವರಿಗೆಲ್ಲ ಕಲಿಸಿದರೆ ಬ್ಯಾಟರಿಗೆ ಕೈಹಾಕುವ ಪ್ರಮೇಯವೇ ಬರುವುದಿಲ್ಲ. ಪ್ಲಾಸ್ಟಿಕ್ ಚೀಲ ಸುತ್ತುವುದು, ಟೇಪ್ ಅಂಟಿಸುವುದು, ಟವೆಲ್ ಕಟ್ಟುವುದು, ಇವೆಲ್ಲ ಬ್ಯಾಟರಿ ಕಿತ್ತದ್ದಕ್ಕೆ ಸಮ. ಅಡುಗೆ ಮುಗಿದ ಮೇಲೆ ಬಿಚ್ಚೋಣವೆಂದುಕೊಂಡದ್ದು ಹಾಗೇ ಉಳಿದುಬಿಡುತ್ತದೆ.

ಮೂವತ್ತು, ನಲವತ್ತು ಸೆಕೆಂಡಿಗೊಮ್ಮೆ, ಇಲ್ಲವೇ ನಿಮಿಷಕ್ಕೊಮ್ಮೆ ಬರುವ ಒಂದೇ ಒಂದು ಚಿಕ್ಕ ‘ಪೀಂ’ ಬೇರೆಯೇ ಮಾತು. ಅದು ಬ್ಯಾಟರಿ ಇಳಿದಿದೆ ಅಥವಾ ಯಂತ್ರದ ಆಯಸ್ಸು ಮುಗಿದಿದೆ ಎಂಬ ಸೂಚನೆ. ಅದು ಸಾಮಾನ್ಯವಾಗಿ ನಡುರಾತ್ರಿ, ಬೆಳಗಿನ ಜಾವವೇ ಶುರುವಾಗಲು ಕಾರಣವಿದೆ. ಅಲಾರಂ ಆಗಾಗ ಬ್ಯಾಟರಿಯಿಂದ ತುಸು ವಿದ್ಯುತ್ ಎಳೆದು ಅದರ ವೋಲ್ಟೇಜ್ ಪರೀಕ್ಷಿಸುತ್ತದೆ. ತಂಪಿನಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಒಳಗಿನ ರೋಧ ಏರಿ, ಆ ವೋಲ್ಟೇಜ್ ಗೆರೆಗಿಂತ ಕೆಳಗೆ ಜಾರುತ್ತದೆ. ಹಗಲು ಬಿಸಿಯಾದಾಗ ಮತ್ತೆ ಗೆರೆಯ ಮೇಲೆ ಬರುತ್ತದೆ, ಸದ್ದು ನಿಲ್ಲುತ್ತದೆ, ಜನ ಮರೆಯುತ್ತಾರೆ. ಮರೆಯಬೇಡಿ. ಅಂದೇ ಬದಲಿಸಿ.

ಬದಲಿಸುವ ಕ್ರಮ ಹೀಗೆ. ಕರೆಂಟಿಗೆ ಜೋಡಿಸಿದ ಅಲಾರಂ ಆದರೆ ಮೊದಲು ಆ ಸಾಲಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಬಹುತೇಕ ಅಲಾರಂಗಳನ್ನು ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬೇಸ್ ಪ್ಲೇಟಿನಿಂದ ಬಿಚ್ಚಿಕೊಳ್ಳುತ್ತವೆ. ಹಳೆಯ ಬ್ಯಾಟರಿ ತೆಗೆದು, ಟೆಸ್ಟ್ ಬಟನ್ನನ್ನು 15–20 ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಕೆಪ್ಯಾಸಿಟರ್‌ನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಇದನ್ನು ಮಾಡದೆ ಹೊಸ ಬ್ಯಾಟರಿ ಹಾಕಿದ್ದಕ್ಕೇ ಕೆಲವು ಅಲಾರಂಗಳು ‘ಪೀಂ’ ಅನ್ನುತ್ತಲೇ ಇರುತ್ತವೆ. ಸಂಪರ್ಕದ ತಗಡುಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಒಣಬಟ್ಟೆಯಿಂದ ಒರೆಸಿ. ಪ್ಲಸ್, ಮೈನಸ್ ನೋಡಿ ಕೂರಿಸಿ, ಬೇಸಿಗೆ ತಿರುಗಿಸಿ ಬಿಗಿದು, ಟೆಸ್ಟ್ ಬಟನ್ ಒತ್ತಿ ಕೂಗು ಕೇಳಿದ ಮೇಲೆಯೇ ಏಣಿ ಇಳಿಯಿರಿ.

ಡಬ್ಬಿಯ ಹಿಂದೆ ಯಾವ ಬ್ಯಾಟರಿ ಎಂದು ಬರೆದಿದೆಯೋ ಅದನ್ನೇ ಹಾಕಿ. ರಿಚಾರ್ಜ್ ಮಾಡುವ 9 ವೋಲ್ಟ್ ಬ್ಯಾಟರಿ ಇದಕ್ಕೆ ಆಗಿಬರುವುದಿಲ್ಲ. ಅದರ ವೋಲ್ಟೇಜ್ ಕಡಿಮೆ, ಸುಮ್ಮನಿದ್ದರೂ ಚಾರ್ಜ್ ಸೋರಿಹೋಗುತ್ತದೆ, ಎಚ್ಚರಿಕೆಯ ‘ಪೀಂ’ ಕೊಡಲು ಸಾಕಷ್ಟು ದಿನ ಉಳಿಯದೆ ಒಮ್ಮೆಗೇ ಸಾಯಬಹುದು. ಆಲ್ಕಲೈನ್ ಬ್ಯಾಟರಿಯನ್ನು ‘ಪೀಂ’ಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ಕರೆಂಟಿನ ಅಲಾರಂನ ಬ್ಯಾಕಪ್ ಬ್ಯಾಟರಿಗೂ ಇದೇ ನಿಯಮ. ಕರೆಂಟ್ ಇದೆಯಲ್ಲ ಎಂದು ಅದನ್ನು ಬಿಟ್ಟುಬಿಡುವವರು ಬಹಳ, ಆದರೆ ವೈರಿಂಗ್‌ನಲ್ಲೇ ಹುಟ್ಟಿದ ಬೆಂಕಿ ಮೊದಲು ಕತ್ತರಿಸುವುದು ಆ ಕರೆಂಟನ್ನೇ. 10 ವರ್ಷದ ಸೀಲ್ ಮಾಡಿದ ಲಿಥಿಯಂ ಬ್ಯಾಟರಿಯ ಅಲಾರಂಗಳಲ್ಲಿ ಈ ತಾಪತ್ರಯ ಇಲ್ಲ, ಬ್ಯಾಟರಿ ಕದ್ದು ಗೋಡೆ ಗಡಿಯಾರಕ್ಕೆ ಹಾಕಲೂ ಆಗುವುದಿಲ್ಲ. ಬಾಡಿಗೆ ಮನೆಗಳಿಗೆ ಇದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ತೆಗೆದ 9 ವೋಲ್ಟ್ ಬ್ಯಾಟರಿಯನ್ನು ಡ್ರಾಯರಿನಲ್ಲಿ ನಾಣ್ಯ, ಕೀಲಿ, ಪಿನ್ನುಗಳ ಜೊತೆ ಹಾಕಬೇಡಿ. ಅದರ ಎರಡೂ ತುದಿ ಪಕ್ಕಪಕ್ಕದಲ್ಲೇ ಇರುವುದರಿಂದ ಲೋಹ ತಗುಲಿದರೆ ಕಾದು ಬೆಂಕಿ ಹುಟ್ಟಬಹುದು. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಕೈಗೆಟುಕದಿದ್ದರೆ ಪೊರಕೆಯ ಹಿಡಿಯಿಂದ ಒತ್ತಿದರೂ ನಡೆಯುತ್ತದೆ. ಈ ಪರೀಕ್ಷೆ ಬ್ಯಾಟರಿ, ಸರ್ಕ್ಯೂಟ್, ಸದ್ದು ಸರಿಯಿವೆ ಎಂದು ಹೇಳುತ್ತದೆ, ಹೊಗೆ ಒಳಹೋಗುವ ದಾರಿ ತೆರೆದಿದೆಯೇ ಎಂದು ಹೇಳುವುದಿಲ್ಲ. ಆ ದಾರಿಯನ್ನು ಕಣ್ಣಿಂದ ನೋಡಬೇಕು: ಸುತ್ತಲಿನ ಸೀಳುಗಳಲ್ಲಿ ಧೂಳು, ಬಲೆ, ಬಣ್ಣ ಇಲ್ಲ ತಾನೆ? ಹೊಗೆ ಅಲಾರಂಗೆಂದೇ ತಯಾರಿಸಿದ ಟೆಸ್ಟ್ ಸ್ಪ್ರೇ ಸಿಗುತ್ತದೆ, ಅದನ್ನು ಬಳಸಬಹುದು. ಕಾಗದ ಸುಟ್ಟು, ಮೇಣದಬತ್ತಿ ಹಿಡಿದು ಪರೀಕ್ಷಿಸಬೇಡಿ. ಮಸಿ ಒಳಗೆ ಕೂರುತ್ತದೆ, ಏಣಿಯ ಮೇಲೆ ಬೆಂಕಿ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.

ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆಯ ಬ್ರಷ್ ತುದಿಯಿಂದ ಸೀಳುಗಳ ಸುತ್ತ ಎಳೆಯಿರಿ. ಅದಿಲ್ಲದವರು ಒಣ ಪೇಂಟ್ ಬ್ರಷ್ ಬಳಸಲಿ. ಹೊರಮೈ ಒರೆಸಲು ಹಿಂಡಿದ ಒದ್ದೆಬಟ್ಟೆ ಸಾಕು. ಸೋಪು ನೀರು, ಥಿನ್ನರ್, ಪಾಲಿಶ್ ಹತ್ತಿರ ತರಬೇಡಿ. ಒಳಗಿನ ಗೂಡನ್ನು ಬಿಚ್ಚಲು ಹೋಗಬೇಡಿ. ಮನೆಗೆ ಬಣ್ಣ ಬಳಿಯುವಾಗ, ಪ್ಲಾಸ್ಟರ್ ಉಜ್ಜುವಾಗ, ಟೈಲ್ಸ್ ಕತ್ತರಿಸುವಾಗ ಅಲಾರಂ ಬಿಚ್ಚಿ ಚೀಲದಲ್ಲಿ ಕಟ್ಟಿಡಿ, ಅದೇ ಸಂಜೆ ಮತ್ತೆ ಹಾಕಿ. ಸಿಮೆಂಟ್ ಧೂಳು ಒಮ್ಮೆ ಗೂಡಿನೊಳಗೆ ಹೊಕ್ಕರೆ ಮತ್ತೆ ಪೂರ್ತಿ ಬರುವುದಿಲ್ಲ. ಬಣ್ಣ ಬಿದ್ದ ಅಲಾರಂ ಕೆರೆದು ಸರಿಮಾಡುವಂಥದ್ದಲ್ಲ, ಅದನ್ನು ಬದಲಿಸಲೇಬೇಕು.

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಆಯಸ್ಸು 10 ವರ್ಷ. ಆ ಹತ್ತು ವರ್ಷವನ್ನು ಹಿಂಬದಿಯಲ್ಲಿ ಅಚ್ಚಾದ ತಯಾರಿಕೆಯ ದಿನಾಂಕದಿಂದ ಎಣಿಸಿ, ಮನೆಗೆ ಹಾಕಿದ ದಿನದಿಂದ ಅಲ್ಲ. ಎಲ್‌ಇಡಿ ಮಂಕಾಗುತ್ತದೆ, ಗೂಡಿನಲ್ಲಿ ಕೂತ ಧೂಳು ಸೆನ್ಸರಿನ ಲೆಕ್ಕ ತಪ್ಪಿಸುತ್ತದೆ, ಸದ್ದು ಕ್ಷೀಣಿಸುತ್ತದೆ. ಟೆಸ್ಟ್ ಬಟನ್‌ಗೆ ಕೂಗುತ್ತಿದೆಯಲ್ಲ ಎಂದು ಹದಿನೈದು ವರ್ಷದ ಅಲಾರಂ ಇಟ್ಟುಕೊಳ್ಳಬೇಡಿ. ಹೊಸದನ್ನು ಹಾಕುವಾಗಲೇ ಬದಲಿಸಬೇಕಾದ ವರ್ಷವನ್ನು ಮಾರ್ಕರಿನಲ್ಲಿ ಕೆಳಗಿನಿಂದ ಕಾಣುವಂತೆ ಅಂಚಿನಲ್ಲಿ ಬರೆದುಬಿಡಿ. ಹಿಂಬದಿಯ ದಿನಾಂಕವನ್ನು ಏಣಿ ಹತ್ತಿ ಬಿಚ್ಚಿ ನೋಡುವವರು ಅಪರೂಪ.

ಸದ್ದು ಹಾಸಿಗೆಯವರೆಗೆ ಮುಟ್ಟುತ್ತದೆಯೇ? ಮನೆ ಅಲಾರಂನ ಸದ್ದು 3 ಮೀಟರ್ ದೂರದಲ್ಲಿ 85 ಡೆಸಿಬಲ್. ಮಲಗಿದವರನ್ನು ಎಬ್ಬಿಸಲು ದಿಂಬಿನ ಬಳಿ 75 ಡೆಸಿಬಲ್ ಬೇಕು ಎನ್ನುತ್ತದೆ ಎನ್‌ಎಫ್‌ಪಿಎ 72 ಸಂಹಿತೆ. ಹಜಾರದಲ್ಲಿ ಒಂದು ಅಲಾರಂ, ನಡುವೆ ಮುಚ್ಚಿದ ಬಾಗಿಲು, ಜೊತೆಗೆ ಫ್ಯಾನಿನ ಸದ್ದು, ಇಷ್ಟಾದರೆ ಆ ಮಟ್ಟ ಸಿಗುವುದು ಕಷ್ಟ. ಹಾಗೆಂದು ಬಾಗಿಲು ತೆರೆದು ಮಲಗಬೇಡಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಶಾಖವನ್ನೂ ಅಮೂಲ್ಯ ನಿಮಿಷಗಳ ಕಾಲ ತಡೆಹಿಡಿಯುತ್ತದೆ. ಉತ್ತರ ಇರುವುದು ಪರಸ್ಪರ ಜೋಡಿಸಿದ ಅಲಾರಂಗಳಲ್ಲಿ: ವೈರಿನಿಂದಲೋ ರೇಡಿಯೋ ಸಂಕೇತದಿಂದಲೋ ಬೆಸೆದಿದ್ದರೆ ನೆಲಮಾಳಿಗೆಯಲ್ಲಿ ಹೊಗೆ ಕಂಡರೂ ನಿಮ್ಮ ತಲೆಯ ಮೇಲಿನದೂ ಕೂಗುತ್ತದೆ. ಬೇರೆ ಬೇರೆ ಕಂಪನಿಯವು ಒಂದರ ಭಾಷೆ ಒಂದಕ್ಕೆ ತಿಳಿಯದೆ ಮೌನವಾಗಿರಬಹುದು, ಆದ್ದರಿಂದ ಕಲಬೆರಕೆ ಬೇಡ. ಪರೀಕ್ಷಿಸುವಾಗ ಒಂದರ ಬಟನ್ ಒತ್ತಿ, ಮನೆಯೆಲ್ಲ ಓಡಾಡಿ ಎಲ್ಲವೂ ಕೂಗುತ್ತಿವೆಯೇ ಕೇಳಿ. ಮುಂದಿನ ತಿಂಗಳು ಇನ್ನೊಂದರಿಂದ ಶುರುಮಾಡಿ.

ಮಕ್ಕಳು ಅಲಾರಂಗೆ ಏಳುತ್ತಾರೆಂದು ಲೆಕ್ಕ ಹಾಕಬೇಡಿ. ಸಾಮಾನ್ಯ ಅಲಾರಂನ ಸುಮಾರು 3,000 ಹರ್ಟ್ಸ್‌ನ ಕೀರಲು ದನಿಗೆ ಚಿಕ್ಕ ಮಕ್ಕಳ ಗಾಢ ನಿದ್ದೆ ಕದಲದೇ ಇರಬಹುದು, ವಯಸ್ಸಾದವರ ಕಿವಿಗೆ ಆ ದನಿ ಕೇಳಿಸದೇ ಇರಬಹುದು. 520 ಹರ್ಟ್ಸ್‌ನ ದಪ್ಪ ದನಿಯ ಅಲಾರಂಗಳು ಇಬ್ಬರನ್ನೂ ಹೆಚ್ಚು ಚೆನ್ನಾಗಿ ಎಬ್ಬಿಸುತ್ತವೆ. ಕಿವಿ ಕೇಳದವರಿಗೆ ದಿಂಬಿನ ಕೆಳಗೆ ನಡುಗುವ ಪ್ಯಾಡ್, ಮಿಂಚುವ ದೀಪ ಇರುವ ಜೋಡಣೆ ಸಿಗುತ್ತದೆ. ಯಾವ ಮಗುವನ್ನು ಯಾರು ಎತ್ತಿಕೊಳ್ಳಬೇಕು, ಅಜ್ಜಿಯ ಕೈ ಯಾರು ಹಿಡಿಯಬೇಕು ಎಂಬುದು ಹಗಲಲ್ಲೇ ತೀರ್ಮಾನವಾಗಿರಲಿ.

ಹೊಗೆ ಅಲಾರಂಗೆ ತಿಳಿಯದ ಅಪಾಯಗಳೂ ಇವೆ. ಗ್ಯಾಸ್ ಸೋರಿಕೆ ಅದಕ್ಕೆ ಗೊತ್ತಾಗುವುದಿಲ್ಲ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಡಿಟೆಕ್ಟರ್ ನೆಲದಿಂದ 30 ಸೆಂಟಿಮೀಟರ್ ಒಳಗಿನ ಎತ್ತರದಲ್ಲಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಸೀಲಿಂಗ್ ಹತ್ತಿರ. ಬಣ್ಣ, ವಾಸನೆ ಯಾವುದೂ ಇಲ್ಲದ ಕಾರ್ಬನ್ ಮೊನಾಕ್ಸೈಡಿಗೆ ಪ್ರತ್ಯೇಕ ಅಲಾರಂ ಬೇಕು, ಗ್ಯಾಸ್ ಗೀಸರ್, ಇಂಧನ ಉರಿಸುವ ಹೀಟರ್, ಜನರೇಟರ್ ಬಳಸುವ ಮನೆಗಳಿಗೆ ಇದು ಕಡ್ಡಾಯವೆಂದೇ ತಿಳಿಯಿರಿ. ಸದ್ದಿನ ವ್ಯತ್ಯಾಸ ಎಲ್ಲರಿಗೂ ತಿಳಿದಿರಲಿ: ಮೂರು ಕೂಗು, ಬಿಡುವು, ಮತ್ತೆ ಮೂರು ಎಂದರೆ ಹೊಗೆ. ನಾಲ್ಕು ಚುರುಕು ಕೂಗು, ಉದ್ದ ಬಿಡುವು ಎಂದರೆ ಕಾರ್ಬನ್ ಮೊನಾಕ್ಸೈಡ್.

ಲಿಥಿಯಂ ಬ್ಯಾಟರಿಯ ಸ್ಕೂಟರ್, ಸೈಕಲ್‌ಗಳ ಬಗ್ಗೆಯೂ ಒಂದು ಮಾತು. ಆ ಬ್ಯಾಟರಿ ಕೆಟ್ಟು ಒಳಗೇ ಕಾಯಲು ಶುರುವಾದರೆ ಸೆಕೆಂಡುಗಳಲ್ಲಿ ವಿಷಾನಿಲ, ಜ್ವಾಲೆ ಚಿಮ್ಮುತ್ತದೆ, ಅಲಾರಂ ಕೊಡುವ ನಿಮಿಷಗಳೂ ಕಡಿಮೆಯಾಗುತ್ತವೆ. ಮುಂಬಾಗಿಲ ಬಳಿ, ಮೆಟ್ಟಿಲ ಕೆಳಗೆ, ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡಬೇಡಿ. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ, ಮಲಗುವ ಮುನ್ನ ಪ್ಲಗ್ ತೆಗೆಯಿರಿ. ಉಬ್ಬಿದ, ಬಿದ್ದು ಜಖಂ ಆದ ಬ್ಯಾಟರಿ ಮನೆಯೊಳಗೆ ಇರಲೇಬಾರದು.

ಕೂಗಿದ ಮೇಲೆ ಏನು ಮಾಡಬೇಕು ಎಂಬುದು ಚಿಕ್ಕ ಮಾತು, ಆದರೆ ಅಭ್ಯಾಸವಿಲ್ಲದಿದ್ದರೆ ಆ ಹೊತ್ತಿಗೆ ಹೊಳೆಯುವುದಿಲ್ಲ. ಬೆಂಕಿ ಎಲ್ಲಿದೆ ಎಂದು ಹುಡುಕಬೇಡಿ. ಬಾಗಿಲನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಹೊಗೆಯಿದ್ದರೆ ಬಗ್ಗಿ, ತೆವಳಿ ಹೋಗಿ. ಹಾದುಹೋದ ಪ್ರತಿ ಬಾಗಿಲನ್ನೂ ಹಿಂದೆ ಮುಚ್ಚುತ್ತಾ ಸಾಗಿ. ಲಿಫ್ಟ್ ಬೇಡ. ಹೊರಗೆ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಎಲ್ಲರೂ ಸೇರಿ, ಅಲ್ಲಿಂದ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಯಾವ ವಸ್ತುವಿಗೂ ಮತ್ತೆ ಒಳಗೆ ಹೋಗಬೇಡಿ. ದಾರಿ ಕಟ್ಟಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿ ಕರೆಯಿರಿ.

ಕಿಟಕಿ ಎಂದಾಗ ಕಬ್ಬಿಣದ ಗ್ರಿಲ್ ನೆನಪಿಗೆ ಬರುತ್ತದೆ. ಕಳ್ಳರಿಗೆಂದು ಹಾಕಿದ ಸ್ಥಿರ ಗ್ರಿಲ್ ಬೆಂಕಿಯ ಹೊತ್ತಿನಲ್ಲಿ ಪಂಜರವಾಗುತ್ತದೆ. ಪ್ರತಿ ಮಲಗುವ ಕೋಣೆಯಲ್ಲಿ ಕನಿಷ್ಠ ಒಂದು ಗ್ರಿಲ್‌ಗೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಇರಲಿ, ಅದು ತುಕ್ಕು ಹಿಡಿಯದಂತೆ ಆಗಾಗ ಎಣ್ಣೆ ಬಿಟ್ಟು ತೆರೆದು ನೋಡಿ. ಮುಂಬಾಗಿಲಿಗೂ ರಾತ್ರಿ ಒಳಗಿನಿಂದ ಕೀಲಿ ಹಾಕಿ, ಆ ಕೀಲಿಯನ್ನು ಎಲ್ಲೋ ಇಡುವ ಅಭ್ಯಾಸ ಬಿಡಿ.

ಇನ್ನು ಅಧಿಕಾರ ಇರುವವರಿಗೆ ನಮ್ಮ ಬೇಡಿಕೆಗಳು. ಕಟ್ಟಡ ಕಟ್ಟುವವರೇ, ಅಲಾರಂ ಮೇಲೆ ಧೂಳು ಬೀಳದಿರಲೆಂದು ಹಾಕಿದ ಪ್ಲಾಸ್ಟಿಕ್ ಮುಚ್ಚಳವನ್ನು ಕೀಲಿ ಕೊಡುವ ದಿನ ನೀವೇ ತೆಗೆಯಿರಿ. ಆ ಮುಚ್ಚಳ ಹಾಗೇ ಇದ್ದರೆ ಟೆಸ್ಟ್ ಬಟನ್‌ಗೆ ಕೂಗುವ ಅಲಾರಂ ಹೊಗೆಗೆ ಕೂಗುವುದಿಲ್ಲ. ಕರೆಂಟಿನ ಸಂಪರ್ಕವನ್ನು ದಿನವೂ ಬಳಸುವ ದೀಪದ ಸಾಲಿನಿಂದ ಕೊಡಿ, ನಡುವೆ ಸ್ವಿಚ್ ಇಡಬೇಡಿ: ಸಾಲು ಟ್ರಿಪ್ ಆದರೆ ದೀಪ ಹತ್ತದೆ ಮನೆಯವರಿಗೆ ತಿಳಿಯುತ್ತದೆ. ಯಾವ ಅಲಾರಂ ಎಲ್ಲಿದೆ, ಯಾವ ಬ್ಯಾಟರಿ, ಯಾವ ವರ್ಷ ಬದಲಿಸಬೇಕು ಎಂಬ ಒಂದು ಹಾಳೆಯನ್ನು ಮನೆಯ ಕಾಗದಪತ್ರಗಳ ಜೊತೆ ಕೊಡಿ.

ಮನೆ ಬಾಡಿಗೆಗೆ ಕೊಡುವವರೇ, ಬಾಡಿಗೆದಾರರು ಬದಲಾದಾಗಲೆಲ್ಲ ಹೊಸಬರ ಕಣ್ಣೆದುರೇ ಪ್ರತಿ ಅಲಾರಂ ಪರೀಕ್ಷಿಸಿ, ಸೈಲೆನ್ಸ್ ಬಟನ್ ತೋರಿಸಿ. ಸುಳ್ಳು ಕೂಗಿನ ದೂರು ಬಂದರೆ ಸೋರುವ ಪೈಪಿಗೆ ಬಂದಷ್ಟೇ ಬೇಗ ಬನ್ನಿ, ತಡವಾದರೆ ಅವರು ಬ್ಯಾಟರಿ ಕೀಳುತ್ತಾರೆ. ವಸತಿ ಸಂಘಗಳ ಪದಾಧಿಕಾರಿಗಳೇ, ಪ್ರತಿ ಮಹಡಿಗೆ ಒಬ್ಬರಿಗೆ ಈ ಹೊಣೆ ವಹಿಸಿ, ತಿಂಗಳ ಒಂದು ದಿನ ಒಂದೇ ಹೊತ್ತಿಗೆ ಎಲ್ಲ ಮನೆಗಳಲ್ಲೂ ಟೆಸ್ಟ್ ಬಟನ್ ಒತ್ತುವ ರೂಢಿ ತನ್ನಿ. ಒಂಟಿಯಾಗಿರುವ ಹಿರಿಯರ ಮನೆಯ ಏಣಿ ನೀವೇ ಹತ್ತಿ. ಮೆಟ್ಟಿಲುಗಳ ಮೇಲಿನ ಸಾಮಾನು ತೆರವು ಮಾಡಿ, ಮೆಟ್ಟಿಲ ಬಾಗಿಲಿಗೆ ಕಲ್ಲು ಇಟ್ಟು ತೆರೆದಿಡುವುದನ್ನು ನಿಲ್ಲಿಸಿ.

ಕಟ್ಟಡಗಳಿಗೆ ಅನುಮತಿ ಕೊಡುವ ಅಧಿಕಾರಿಗಳೇ, ಪರಿಶೀಲನೆ ಕಟ್ಟಡ ಮುಗಿದ ದಿನಕ್ಕೇ ಮುಗಿಯಬಾರದು. ಅಂದು ಎಲ್ಲ ಅಲಾರಂ ಹೊಸವು, ಎಲ್ಲ ಕೂಗುತ್ತವೆ. ಜನ ವಾಸ ಮಾಡಿ ಒಂದು ವರ್ಷವಾದ ಮೇಲೆ ಬನ್ನಿ. ಯಾವುದು ಸೀಲಿಂಗ್‌ನಿಂದ ಇಳಿದಿದೆ, ಯಾವುದರ ಮೇಲೆ ಚೀಲ ಇದೆ, ಯಾವುದರಲ್ಲಿ ಬ್ಯಾಟರಿ ಇಲ್ಲ ಎಂದು ಎಣಿಸಿ. ದಂಡ ಹಾಕುವ ಮೊದಲು ಯಾಕೆ ತೆಗೆದಿರಿ ಎಂದು ಕೇಳಿ ಬರೆದುಕೊಳ್ಳಿ. ಅಡುಗೆಯ ಹೊಗೆಗೆ ಎಂಬ ಉತ್ತರವೇ ಬಹುಪಾಲು ಬಂದರೆ, ಮುಂದಿನ ಕಟ್ಟಡದ ನಕ್ಷೆಯಲ್ಲಿ ಅಲಾರಂ ಮತ್ತು ಒಲೆಯ ನಡುವಿನ ದೂರವನ್ನು ಅಳೆದು ಸಹಿ ಹಾಕಿ.

ಇಂತಿ,
ಹೊಗೆ ಅಲಾರಂ ಅಳವಡಿಸುವ, ನಿರ್ವಹಿಸುವ ಕೆಲಸಗಾರರು